ಗೌಡರ ಜೋಡುನಳಿಗೆ: ಒಂದು ಖರೀದಿಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ಗೌಡರು ನಿಜಕ್ಕೂ ಗೌಡರಲ್ಲ. ಊರು, ತಾಲ್ಲೂಕು, ಅಂಗಡಿ ಯಾವುದರ ಹೆಸರೂ ಇಲ್ಲಿಲ್ಲ. ಕೋವಿ ಇರುವ ಮನೆಯ ಗುರುತು ಹೊರಗೆ ಹೋಗಬಾರದು ಅನ್ನುವುದು ಒಂದು ಕಾರಣ. ಒಂದೆರಡು ಅಂಗಡಿಯವರ ಬಗ್ಗೆ ಒಳ್ಳೆಯ ಮಾತು ಹೇಳೋಕಾಗಲ್ಲ ಅನ್ನುವುದು ಇನ್ನೊಂದು. ನಾನೇನೂ ಕೋವಿ ಪಂಡಿತನಲ್ಲ. ಪೇಟೆಯಲ್ಲಿ ಬಹಳ ವರ್ಷ ಲೇತ್ ಇಟ್ಟುಕೊಂಡಿದ್ದವನು. ಕಬ್ಬಿಣ ಎಲ್ಲಿ ಸವೆದಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ, ಅಷ್ಟೆ. ಆ ಒಂದು ಕಾರಣಕ್ಕೆ ಗೌಡರು ನನ್ನನ್ನು ಜೊತೆಗೆ ಎಳೆದುಕೊಂಡು ಹೋದರು.

ಹಿನ್ನೆಲೆ

ಗೌಡರದ್ದು ನಾಲ್ಕು ಎಕರೆ ಅಡಿಕೆ ತೋಟ, ನಡುವೆ ಒಂದಿಷ್ಟು ಕಾಫಿ, ಕೆಳಗೆ ಗದ್ದೆ. ಮೂರು ದಿಕ್ಕಿಗೂ ಕಾಡು. ಹಗಲು ಮಂಗ ಬಂದು ಎಳೆ ಅಡಿಕೆ ಚೀಪಿ ಬಿಸಾಡುತ್ತವೆ. ರಾತ್ರಿ ಹಂದಿ ಬಂದು ಬಾಳೆಗಡ್ಡೆ ಕಿತ್ತು ಹಾಕುತ್ತವೆ. ಮನೆಯಲ್ಲಿ ಅವರ ತಂದೆಯ ಕಾಲದ ಕೇಪಿನ ಕೋವಿ ಇತ್ತು. ಬಾಯಿಯಿಂದ ಮದ್ದು ಸುರಿದು, ಗಜ ಅನ್ನುವ ಸರಳಿನಿಂದ ಜಡಿದು, ಹಿಂದೆ ಕಿಡಿ ಕೊಡುವ ಕೇಪು ಇಟ್ಟು ಹೊಡೆಯುವ ಜಾತಿಯದ್ದು. ಮಳೆಗಾಲದಲ್ಲಿ ಅದನ್ನು ನಂಬುವ ಹಾಗಿಲ್ಲ. ಕೇಪು ಚಟ್ ಅನ್ನುತ್ತದೆ, ಮದ್ದು ಸುಮ್ಮನಿರುತ್ತದೆ. ಆಮೇಲೆ ಆ ಒದ್ದೆ ಮದ್ದನ್ನು ಹೊರಗೆ ತೆಗೆಯುವುದೇ ಒಂದು ಅಪಾಯದ ಕೆಲಸ. ಒಂದು ಸಲ ತಂದೆಯವರು ಹಾಗೇ ತುಂಬಿದ ಕೋವಿಯನ್ನು ಎರಡು ದಿನ ಗೋಡೆಗೆ ನೇತುಹಾಕಿದ್ದರು. ಮನೆಯಲ್ಲಿ ಮೊಮ್ಮಕ್ಕಳಿದ್ದರು. ಅಂದೇ ಗೌಡರು ಮದ್ದು ಮತ್ತು ಚರೆ, ಅಂದರೆ ಸಣ್ಣ ಗುಂಡುಗಳು, ಒಟ್ಟಿಗೇ ತುಂಬಿದ ತೋಟಾ ಹಾಕುವ ಕೋವಿ ತರಬೇಕು ಅಂತ ತೀರ್ಮಾನ ಮಾಡಿದ್ದು.

ಬೆಳೆ ರಕ್ಷಣೆಗೆ ಅಂತ ಅರ್ಜಿ ಹಾಕಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮೊದಲು ಹೇಳುವುದು ಬಾಯಿಯಿಂದ ತುಂಬುವ ಕೋವಿಯನ್ನೇ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿಗೆ ಅನುಮತಿ. ಆ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ಗೌಡರು ಬೆಳೆ ನಷ್ಟದ ಫೋಟೋ, ಪಹಣಿ ಎಲ್ಲ ಜೋಡಿಸಿ, 2016ರ ನಿಯಮದ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ ಪಡೆದರು. ಓಡಾಡಿ ಓಡಾಡಿ 2022ರಲ್ಲಿ 12 ಬೋರ್ ಅನ್ನುವ ಅಳತೆಯ ಕೋವಿಗೆ ಅನುಮತಿ ಸಿಕ್ಕಿತು. ಕೇಪಿನ ಕೋವಿಯೂ ಅವರ ಹೆಸರಿಗೇ ಬಂತು. ತಂದೆಗೆ 70 ದಾಟಿದ್ದರಿಂದ ವಾರಸುದಾರರಿಗೆ ಬದಲಾಯಿಸಲು ದಾರಿ ಇತ್ತು. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಕೋವಿ. ಅಲ್ಲಿಗೆ ಲೆಕ್ಕ ಮುಗಿಯಿತು, ಇನ್ನೊಂದಕ್ಕೆ ಜಾಗವಿಲ್ಲ. ತಪ್ಪು ಕೋವಿ ತಂದರೆ ಅದನ್ನು ದಾಟಿಸುವ ತನಕ ಅದರ ಜೊತೆಗೇ ಬಾಳಬೇಕು.

(ಕೊಡಗಿನ ಓದುಗರಿಗೆ ಈ ಲೈಸೆನ್ಸ್ ಪುರಾಣ ವಿಚಿತ್ರ ಅನ್ನಿಸಬಹುದು. ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಆದರೆ ಕೋವಿ ಆರಿಸುವ ಕಷ್ಟದಿಂದ ಅವರಿಗೂ ವಿನಾಯಿತಿ ಇಲ್ಲ.)

ಇನ್ನೊಂದು ಮಾತು. ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಕೋವಿ ಲೈಸೆನ್ಸೇ ಬೇರೆ, ಬೇಟೆಯೇ ಬೇರೆ. ವನ್ಯಜೀವಿ ಕಾಯ್ದೆಯ ಹೊಸ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ ಕಾಡುಹಂದಿ ಎರಡನೇ ಶೆಡ್ಯೂಲಿನಲ್ಲಿದೆ, ಅಂದರೆ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಗೌಡರಿಗೆ ಬೇಕಾಗಿದ್ದು ಸದ್ದು. ನಂಬಿಕೆಯ ಸದ್ದು.

ಸಮಸ್ಯೆ

ಕೈಯಲ್ಲಿದ್ದದ್ದು ಒಂದು ಲಕ್ಷ, ಅದರಲ್ಲೇ ರಿಪೇರಿಯೂ ಆಗಬೇಕು. ಅಡಿಕೆಗೆ ಕೊಳೆರೋಗ ಬಂದ ವರ್ಷ, ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ ಅಂದರು.

ಒಂದೇ ನಳಿಗೆಯ, ಮುಂದಿನ ಹಿಡಿ ಎಳೆದು ತೋಟಾ ಏರಿಸುವ ಪಂಪ್ ಆ್ಯಕ್ಷನ್ ಯಾಕೆ ಬೇಡ ಅಂತ ನಾನು ಕೇಳಿದೆ. ಗೌಡರ ಉತ್ತರ ನನಗೆ ಹಿಡಿಸಿತು. ‘ಜೋಡುನಳಿಗೆಯನ್ನು ಮಡಚಿದರೆ ಖಾಲಿಯೋ ತುಂಬಿದೆಯೋ ಅಂತ ಅಡುಗೆಮನೆ ಬಾಗಿಲಿಂದಲೇ ನಮ್ಮನೆಯವರಿಗೆ ಕಾಣುತ್ತೆ, ಮಾರಾಯ್ರೇ.’ ತುಂಬಿದ ಕೋವಿ ಗೋಡೆಯಲ್ಲಿ ನೇತಾಡಿದ್ದನ್ನು ಅವರು ಮರೆತಿರಲಿಲ್ಲ. ಅದಲ್ಲದೆ ಎರಡು ನಳಿಗೆಗೆ ಎರಡು ಟ್ರಿಗರ್, ಒಳಗೆ ಎರಡು ಬೇರೆ ಬೇರೆ ಯಂತ್ರ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಒಂದರ ಮೇಲೊಂದು ನಳಿಗೆ ಇರುವ ಕೋವಿಗಳು ಹೆಚ್ಚಾಗಿ ಹೊರದೇಶದವು. 1980ರ ದಶಕದ ನಡುವೆ ಸಾಮಾನ್ಯ ಜನ ಹೊರಗಿನಿಂದ ತರಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿದ ಮೇಲೆ ಅವುಗಳ ಬೆಲೆ ನಮ್ಮ ಮಾತಿಗೆ ನಿಲುಕುವುದಲ್ಲ.

ಹಾಗಾಗಿ ಉಳಿದದ್ದು ಮೂರು ದಾರಿ. ಎಸ್ಟೇಟ್ ಬಂಗಲೆಗಳಿಂದ ಬರುವ ಹಳೆಯ ಇಂಗ್ಲಿಷ್ ಕೋವಿ. ಮುಂಗೇರ್, ಜಮ್ಮು ಕಡೆಯ ಹಾಗೆ ಸಣ್ಣ ಖಾಸಗಿ ಕಾರ್ಖಾನೆಗಳಲ್ಲಿ ಮಾಡಿದ ಹೊಸ ಕೋವಿ. ಇಲ್ಲವಾದರೆ ಸರ್ಕಾರಿ ಆರ್ಡ್ನೆನ್ಸ್ ಫ್ಯಾಕ್ಟರಿಯದ್ದು. ನಾವು ಮೂರನ್ನೂ ನೋಡಿದೆವು.

ಮೊದಲನೆಯದು: ಮನಸ್ಸು ಕದ್ದ ಕೋವಿ

ಅಂಗಡಿಯವರು ಅದನ್ನು ಹಸಿರು ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟಾಗ ಗೌಡರ ಮುಖ ನೋಡಬೇಕಿತ್ತು. ಬರ್ಮಿಂಗ್‌ಹ್ಯಾಮ್ ಕೋವಿ. ಪಕ್ಕದ ಕಬ್ಬಿಣದ ಮೇಲೆ ಸಣ್ಣ ಹೂಬಳ್ಳಿ ಕೆತ್ತನೆ. ಹಿಡಿಯ ಮರ ಹಳೆ ಬೆಲ್ಲದ ಬಣ್ಣ. ಒಳಗಿನ ಯಂತ್ರ 1875ರಲ್ಲಿ ಆ್ಯನ್ಸನ್ ಮತ್ತು ಡೀಲಿ ಅನ್ನುವ ಇಬ್ಬರು ಪೇಟೆಂಟ್ ಮಾಡಿದ ಬಾಕ್ಸ್‌ಲಾಕ್ ಮಾದರಿ. ಇವತ್ತಿಗೂ ಪ್ರಪಂಚದ ಜೋಡುನಳಿಗೆಗಳಲ್ಲಿ ಬಹುಪಾಲು ಅದೇ ತತ್ವದ ಮೇಲೆ ನಡೆಯುತ್ತವೆ. ನಳಿಗೆಯ ತಳದಲ್ಲಿ ಕಿರೀಟದ ಕೆಳಗೆ ಎನ್‌ಪಿ ಅಂತ ಮುದ್ರೆ ಇತ್ತು. ಅಂದರೆ 1904ರಿಂದ 1954ರ ನಡುವೆ, ಹೊಗೆಯಿಲ್ಲದ ಮದ್ದಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದ ನಳಿಗೆ. ಬೆಲೆ ನಮ್ಮ ಲಕ್ಷಕ್ಕಿಂತ ಸ್ವಲ್ಪವೇ ಕೆಳಗೆ.

ಗೌಡರು ಅಲ್ಲೇ ಹತ್ತು ಸಾವಿರ ಮುಂಗಡ ಕೊಟ್ಟುಬಿಟ್ಟರು. ಇಡೀ ಪ್ರಕರಣದಲ್ಲಿ ನಡೆದ ದೊಡ್ಡ ತಪ್ಪು ಅದೇ. ನಾನು ತಡೆಯಲಿಲ್ಲ. ನನಗೂ ಅದು ಚೆಂದ ಕಂಡಿತ್ತು.

ಮಾರನೇ ವಾರ ಪಕ್ಕದ ಜಿಲ್ಲೆಯಿಂದ ಕೋವಿ ರಿಪೇರಿಯ ಅಜ್ಜನೊಬ್ಬರನ್ನು ಕರೆದುಕೊಂಡು ಮತ್ತೆ ಹೋದೆವು. ಅಜ್ಜ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒಂದು ಹಳೇ ಪಂಚೆ ತುಂಡು, ಸ್ವಲ್ಪ ಸೀಮೆಎಣ್ಣೆ ತೆಗೆದು ನಳಿಗೆ ಮಡಚುವ ಜಾಗದ ಗ್ರೀಸನ್ನೆಲ್ಲ ಒರೆಸಿದರು. ಆಮೇಲೆ ಎಡಗೈ ಹಿಡಿಯುವ ಮುಂದಿನ ಮರದ ತುಂಡು ಬಿಚ್ಚಿ, ಕೋವಿ ಮುಚ್ಚಿ, ಹಿಡಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು ನಳಿಗೆಯನ್ನು ಅಲುಗಿಸಿದರು. ಟಿಕ್ ಟಿಕ್ ಅಂತ ಸಣ್ಣ ಸದ್ದು. ನಾನು ಬೆರಳಿಟ್ಟು ನೋಡಿದೆ. ಸವೆದಿತ್ತು. ಹಿಂದಿನ ವಾರ ದಪ್ಪ ಗ್ರೀಸು ಆ ಸದ್ದನ್ನು ನುಂಗಿತ್ತು. ಬೆಳಕಿಗೆ ಹಿಡಿದರೆ ನಳಿಗೆಗೂ ಹಿಂದಿನ ಗೋಡೆಗೂ ನಡುವೆ ಕೂದಲಷ್ಟು ಸಂದು. ಕೋವಿ ಮಡಚಲು ತಿರುಗಿಸುವ ಮೇಲಿನ ಲಿವರ್ ನಡುಗೆರೆ ದಾಟಿ ಎಡಕ್ಕೆ ಹೋಗಿ ನಿಲ್ಲುತ್ತಿತ್ತು. ಹೊಸದಾಗಿದ್ದಾಗ ಅದು ಸ್ವಲ್ಪ ಬಲಕ್ಕೇ ನಿಲ್ಲಬೇಕು, ಸವೆದಂತೆಲ್ಲ ಎಡಕ್ಕೆ ಸರಿಯುತ್ತದೆ. ಕಣ್ಣೆದುರೇ ಇದ್ದ ಈ ಗುರುತು ಹೂಬಳ್ಳಿ ನೋಡುತ್ತಿದ್ದ ನಮಗೆ ಕಾಣಿಸಿರಲಿಲ್ಲ.

ಇಷ್ಟಾದರೂ ಗೌಡರು ಬಿಡಲಿಲ್ಲ. ‘ಅಜ್ಜಾ, ಇದನ್ನು ಬಿಗಿ ಮಾಡಬಹುದಲ್ವಾ?’ ಮಾಡಬಹುದು ಅಂದರು ಅಜ್ಜ. ಸರಿಯಾಗಿ ಮಾಡಿದರೆ ನಿಲ್ಲುತ್ತದೆ, ಸುಮ್ನೆ ತಟ್ಟಿ ಕೊಟ್ಟರೆ ಒಂದು ಮಳೆಗಾಲ.

ಮಾತು ಮುಗಿಸಿದ್ದು ನನ್ನ ಗೇಜು. ಲೇತಿನಲ್ಲಿ ಒಂದು ಹಿತ್ತಾಳೆ ಸರಳು ತಿರುವಿ, ಅದರ ಮೇಲೆ 65 ಮತ್ತು 70 ಮಿಲಿಮೀಟರಿಗೆ ಗೆರೆ ಹಾಕಿಕೊಂಡು ಹೋಗಿದ್ದೆ. ತೋಟಾ ಕೂರುವ ಚೇಂಬರಿಗೆ ಬಿಟ್ಟರೆ ಅದು 65ರ ಗೆರೆಗೇ ನಿಂತಿತು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಇದು ಮಾಮೂಲು. ಅವರ ಲೆಕ್ಕದಲ್ಲಿ ಎರಡೂವರೆ ಇಂಚು. ನಮ್ಮ ಕಡೆ ಅಂಗಡಿಯಲ್ಲಿ ಗೌಡರಿಗೆ ಸಿಗುತ್ತಿದ್ದ ತೋಟಾ 70ರದ್ದು.

ಅಂಗಡಿಯವರು ಒಂದು 70ರ ಡಮ್ಮಿ ತೋಟಾ ತೆಗೆದು ಒಳಗೆ ಹಾಕಿ, ಕೋವಿ ಮುಚ್ಚಿ ತೋರಿಸಿದರು. ‘ನೋಡಿ ಸಾರ್, ಸಲೀಸಾಗಿ ಹೋಗುತ್ತೆ.’ ನಿಜ, ಹೋಗುತ್ತದೆ. ಅಪಾಯ ಇರುವುದೂ ಅಲ್ಲೇ. ತೋಟಾದ ಮೇಲೆ ಬರೆದಿರುವ ಉದ್ದ ಹೊಡೆದ ಮೇಲಿನದ್ದು. ಹೊಡೆಯುವ ಮುಂಚೆ ಅದರ ಬಾಯಿ ಮಡಚಿಕೊಂಡಿರುತ್ತದೆ, ಆದ್ದರಿಂದ ಗಿಡ್ಡ ಇರುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿಕೊಳ್ಳಬೇಕು. ಚೇಂಬರು ಗಿಡ್ಡವಾಗಿದ್ದರೆ ಅದು ಮುಂದಿನ ಇಕ್ಕಟ್ಟು ಜಾಗದೊಳಗೆ ಬಿಚ್ಚಿಕೊಳ್ಳುತ್ತದೆ. ಚರೆ ಹೋಗುವ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಮೊದಲೇ ಸಡಿಲಾದ, ಎಪ್ಪತ್ತು ಎಂಬತ್ತು ವರ್ಷದ ಕೋವಿಯಲ್ಲಿ ಈ ಆಟ ಬೇಡ. ಗಿಡ್ಡ ತೋಟಾ ಹುಡುಕಿಕೊಂಡು ವರ್ಷವಿಡೀ ಪೇಟೆ ಪೇಟೆ ಅಲೆಯುವುದು ಬೆಳೆ ಕಾಯುವವರ ಕೆಲಸವಲ್ಲ.

ಗೌಡರು ಬಹಳ ಹೊತ್ತು ಮಾತಾಡಲಿಲ್ಲ. ಮುಂಗಡದಲ್ಲಿ ಅರ್ಧ ವಾಪಸ್ ಬಂತು, ಇನ್ನರ್ಧ ಅಂಗಡಿಯಲ್ಲೇ ಉಳಿಯಿತು. ಆ ಐದು ಸಾವಿರವನ್ನು ಗೌಡರು ಈಗಲೂ ‘ಗೇಜಿನ ಫೀಸು’ ಅನ್ನುತ್ತಾರೆ.

ಎರಡನೆಯದು

ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೊಚ್ಚ ಹೊಸದು, ಕಪ್ಪಗೆ ಮಿಂಚುತ್ತಿತ್ತು, ಬೆಲೆ ಕಡಿಮೆ, ಚೇಂಬರು 70. ಖಾಸಗಿ ಕಾರ್ಖಾನೆಯದ್ದು. ಅಂಥ ಎಲ್ಲವೂ ಕೆಟ್ಟದ್ದು ಅಂತ ಹೇಳಲಾರೆ. ಕೈಗೆಲಸ ಒಳ್ಳೆಯದಾಗಿರುವುದನ್ನೂ ನೋಡಿದ್ದೇನೆ. ಆದರೆ ಕೈಗೆಲಸ ಅಂದಮೇಲೆ ಒಂದರಂತೆ ಇನ್ನೊಂದಿರಲ್ಲ, ಪ್ರತಿಯೊಂದನ್ನೂ ಬೇರೆಯಾಗೇ ನೋಡಬೇಕು.

ಅಜ್ಜ ಎರಡೂ ಕಡೆ ಡಮ್ಮಿ ತೋಟಾ ಹಾಕಿ, ಬಲಗಡೆ ಟ್ರಿಗರ್ ಎಳೆದು, ಆಮೇಲೆ ಕೋವಿಯ ಬುಡವನ್ನು ರಬ್ಬರ್ ಚಾಪೆಯ ಮೇಲೆ ಮೆಲ್ಲಗೆ ಕುಟ್ಟಿದರು. ಟಕ್! ಎಡಗಡೆಯ ಒಳಗಿನ ಸುತ್ತಿಗೆ ತಾನಾಗಿ ಬಿತ್ತು. ನಿಜವಾದ ತೋಟಾ ತುಂಬಿದ್ದರೆ ಒಂದು ಹೊಡೆದ ಪೆಟ್ಟಿಗೇ ಇನ್ನೊಂದೂ ಹಾರುತ್ತಿತ್ತು. ಭುಜದ ಮಾತು ಬಿಡಿ, ಎರಡನೇ ನಳಿಗೆ ಆ ಹೊತ್ತಿಗೆ ಯಾವ ಕಡೆ ತಿರುಗಿರುತ್ತದೋ ಯಾರಿಗೆ ಗೊತ್ತು? ಅಂಗಡಿಯವರು ‘ಹೊಸದಲ್ವಾ ಸಾರ್, ಪಳಗಿದ ಮೇಲೆ ಸರಿಹೋಗುತ್ತೆ’ ಅಂದರು. ಅಜ್ಜ ಪಂಚೆ ತುಂಡು ಮಡಚಿ ಚೀಲಕ್ಕೆ ಹಾಕಿಕೊಂಡರು. ನಾವು ಎದ್ದೆವು.

ಮೂರನೆಯದು: ಯಾರೂ ತಿರುಗಿ ನೋಡದ್ದು

ತೋಟ ಮಾರಿ ಮಕ್ಕಳ ಜೊತೆ ಪಟ್ಟಣಕ್ಕೆ ಹೊರಟಿದ್ದ ಹಿರಿಯರೊಬ್ಬರ ಕೋವಿ. ಸರ್ಕಾರಿ ಫ್ಯಾಕ್ಟರಿಯದ್ದು. ಕೆತ್ತನೆ ಇಲ್ಲ. ಮರ ಬೆಂಚಿನ ಮರದ ಹಾಗೆ. ಹಿಡಿಯ ಮೇಲೆ ಗೀರು, ನಳಿಗೆಯ ಹೊರಗೆ ಕೈ ಹಿಡಿದ ಜಾಗದಲ್ಲಿ ಬಣ್ಣ ಹೋಗಿತ್ತು. ಗೌಡರು ನನ್ನ ಕಿವಿಯಲ್ಲಿ ‘ಇದು ಕೋವಿಯೋ ಹಾರೆಯೋ’ ಅಂದರು.

ಅಲುಗಿಸಿದರೆ ಅಲುಗಲಿಲ್ಲ. ಲಿವರ್ ಬಲಕ್ಕೇ ಇತ್ತು. ನಳಿಗೆ ಬಿಚ್ಚಿ, ಬೆರಳಿಗೆ ನೇತುಹಾಕಿ ಉಗುರಲ್ಲಿ ತಟ್ಟಿದರೆ ಟಣ್ ಅಂತ ಸ್ವಚ್ಛ ಸದ್ದು. ಎರಡು ನಳಿಗೆಯ ನಡುವಿನ ಬೆಸುಗೆ ಬಿಟ್ಟಿದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ. ನಳಿಗೆಯ ಒಳಗೆ ಬೆಳಕಿನ ಉಂಗುರಗಳು ಒಂದೇ ಸಮ ಇದ್ದವು. ತಗ್ಗು ಇಲ್ಲ, ಉಬ್ಬು ಇಲ್ಲ. ಎಡ ನಳಿಗೆಯ ಬಾಯಿಯ ಹತ್ತಿರ ಎರಡು ಮೂರು ಸಣ್ಣ ತುಕ್ಕಿನ ಚುಕ್ಕೆ. ಗೇಜು 70ರ ಗೆರೆಗೆ ಬಂತು. ಕುಟ್ಟಿದರೆ ಏನೂ ಬೀಳಲಿಲ್ಲ.

ಗೌಡರು ತರಬೇತಿ ಪಡೆದಿದ್ದ ರೇಂಜಿನಲ್ಲಿ ಅದನ್ನು ಹೊಡೆದು ನೋಡಿದೆವು. ಹೊಡೆದದ್ದು ಆ ಹಿರಿಯರೇ, ಲೈಸೆನ್ಸ್ ಅವರದ್ದು. 40 ಗಜ ದೂರದಲ್ಲಿ ದೊಡ್ಡ ಕಾಗದ, ಅದರಲ್ಲಿ 30 ಇಂಚಿನ ವೃತ್ತ. ಬಲ ನಳಿಗೆಯ ಚರೆಯಲ್ಲಿ ಅರ್ಧದಷ್ಟು ವೃತ್ತದೊಳಗೆ, ಎಡ ನಳಿಗೆಯದು ಮೂರರಲ್ಲಿ ಎರಡು ಪಾಲು. ಬಾಯಿ ಸ್ವಲ್ಪ ಕಿರಿದು ಮಾಡಿದ ನಳಿಗೆಗೆ ಅರ್ಧ, ಪೂರ್ತಿ ಬಿಗಿ ಮಾಡಿದ್ದಕ್ಕೆ ನೂರಕ್ಕೆ 70ರ ಹತ್ತಿರ ಅನ್ನುವುದು ಹಳೆಯ ಲೆಕ್ಕ. ಎರಡೂ ನಳಿಗೆ ಒಂದೇ ಜಾಗಕ್ಕೆ ಬೀಳುತ್ತಿದ್ದವು. ಆ ಬೆಂಚಿನ ಮರದ ಬಗ್ಗೆ ಗೌಡರು ಆಮೇಲೆ ಮಾತೆತ್ತಲಿಲ್ಲ.

ಆದರೆ ಎಡ ನಳಿಗೆ ಹತ್ತರಲ್ಲಿ ಎರಡು ಸಲ ಹಾರಲೇ ಇಲ್ಲ. ಅರ್ಧ ನಿಮಿಷ ಹಾಗೇ ಗುರಿಯ ಕಡೆ ಹಿಡಿದು ಕಾದು, ಆಮೇಲೆ ತೆಗೆದು ನೋಡಿದರೆ ಹಿತ್ತಾಳೆ ಬುಡದಲ್ಲಿ ಪಿನ್ನು ಬಡಿದ ಗುರುತು ತೀರಾ ಆಳವಿಲ್ಲ.

ಪ್ರಕರಣ ತಿರುಗಿದ್ದು ಇಲ್ಲಿ. ಗೌಡರು ಬೇಡ ಅಂದರು. ನಂಬಿಕೆಯ ಕೋವಿ ಹುಡುಕಿಕೊಂಡು ಬಂದು ಹಾರದ ಕೋವಿ ಕೊಳ್ಳುವುದಾ? ಅವರ ಮಾತು ತಪ್ಪೇನಲ್ಲ. ಅಜ್ಜನ ಲೆಕ್ಕ ಬೇರೆ ಇತ್ತು. ಮೊದಲ ಕೋವಿಯ ಸವೆತ ಅದರ ಬೆನ್ನೆಲುಬಿನಲ್ಲಿತ್ತು. ಇದರದ್ದು ಒಂದು ಸ್ಪ್ರಿಂಗೋ, ಪಿನ್ನಿನ ತೂತಿನಲ್ಲಿ ಗಟ್ಟಿಯಾದ ಹಳೇ ಎಣ್ಣೆಯೋ. ಬಿಚ್ಚಿ ನೋಡೋಣ, ನೋಡಿದ ಮೇಲೆ ಬೇಡ ಅನ್ನಿ ಅಂದರು. ಈ ಎರಡು ಜಾತಿಯ ದೋಷವನ್ನು ಬೇರೆ ಮಾಡಿ ನೋಡಿದ್ದೇ ಅವರು ನಮಗೆ ಮಾಡಿದ ದೊಡ್ಡ ಉಪಕಾರ.

ಕಾನೂನೂ ಸಹಾಯಕ್ಕೆ ಬಂತು. ಲೈಸೆನ್ಸ್ ಇರುವವರು ಕೋವಿ ಮಾರಬೇಕಾದರೆ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಾಯಬೇಕು. ಹಿರಿಯರು ಪತ್ರ ಕೊಟ್ಟರು. ನಾವು ಹಣ ಕೊಡಲಿಲ್ಲ, ಮುಂಗಡವೂ ಇಲ್ಲ. ಆ ಪಾಠ ಆಗಿತ್ತು. ಕಾಯುವ ದಿನಗಳಲ್ಲಿ ಹಿರಿಯರೇ ಕೋವಿಯನ್ನು ಲೈಸೆನ್ಸ್ ಇರುವ ರಿಪೇರಿ ಅಂಗಡಿಗೆ ಕೊಟ್ಟರು. ಒಳಗೆ ಎಣ್ಣೆ ಅಂಟಿನ ಹಾಗಾಗಿತ್ತು. ತೊಳೆದು, ಎಡಗಡೆಯ ಸ್ಪ್ರಿಂಗ್ ಬದಲಾಯಿಸಿದರು. ಇಲ್ಲೇ ಸರ್ಕಾರಿ ಕೋವಿಯ ಬೆಲೆ ತಿಳಿದದ್ದು. ನಮ್ಮ ಕಡೆ ಅಂಥ ಕೋವಿ ಬಹಳ ಇವೆ. ರಿಪೇರಿಯವರಿಗೆ ಅದರ ಕರುಳು ಗೊತ್ತು. ಬಿಡಿಭಾಗ ಸಿಗುತ್ತದೆ, ಸಿಗದಿದ್ದರೆ ಇನ್ನೊಂದನ್ನು ನೋಡಿ ಮಾಡುತ್ತಾರೆ. ಆ ಇಂಗ್ಲಿಷ್ ಕೋವಿಗಾಗಿದ್ದರೆ ಪ್ರತಿ ತುಂಡನ್ನೂ ಕೂತು ಅರದಲ್ಲಿ ಉಜ್ಜಿ ಮಾಡಬೇಕಿತ್ತು.

ಮತ್ತೆ ರೇಂಜಿಗೆ ಹೋಗಿ ಎಡ ನಳಿಗೆಯಲ್ಲೇ ಇಪ್ಪತ್ತು ಹೊಡೆದರು. ಇಪ್ಪತ್ತೂ ಹಾರಿದವು. ಗೌಡರು ಒಪ್ಪಿದರು. ಕೋವಿ, ಸ್ಪ್ರಿಂಗ್, ರಬ್ಬರ್ ಪ್ಯಾಡ್, ಓಡಾಟ ಎಲ್ಲ ಸೇರಿ ಒಂದು ಲಕ್ಷದಲ್ಲಿ ಕಾಲು ಭಾಗ ಉಳಿಯಿತು. ಹಿಡಿ ಗೌಡರಿಗೆ ಉದ್ದವಾಗಿತ್ತು. ಮುಕ್ಕಾಲು ಇಂಚು ಕತ್ತರಿಸಿ ಪ್ಯಾಡ್ ಕೂರಿಸಿದೆವು. ಹಿಂದಿನ ಮಾಲೀಕರು ಆರಡಿ, ಇವರು ಐದೂಕಾಲು.

ಆಮೇಲೆ

ಕೋವಿ ಮನೆಗೆ ಬಂದದ್ದು 2023ರ ಫೆಬ್ರವರಿಯಲ್ಲಿ. ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯಿತು. ಚುನಾವಣೆ ಮುಗಿಯುವ ತನಕ ಅಂತ ಕೋವಿ ಠಾಣೆಗೆ ಹೋಯಿತು! ಇಷ್ಟೆಲ್ಲ ಪರೀಕ್ಷೆ ಮಾಡಿದ ನಾವು ಇದನ್ನು ಮಾತ್ರ ಯೋಚಿಸಿರಲಿಲ್ಲ. ಗೌಡರು ಅದನ್ನು ಒಳಗೆ ಸ್ಪಂಜ್ ಇರುವ ಒಂದು ಚೆಂದದ ರೆಕ್ಸಿನ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಮುಂಗಾರಿನ ಮುಂಚಿನ ಮಳೆ ಎರಡು ಬಿತ್ತು. ಸ್ಪಂಜು ತೇವ ಹೀರಿಕೊಂಡು ಕೂತಿತ್ತು. ವಾಪಸ್ ಬಂದಾಗ ಎಡ ನಳಿಗೆಯ ಮೇಲೆ ಅಂಗೈಯಗಲ ಕೆಂಪು ತುಕ್ಕು. ಒಳಗೆ ಎಣ್ಣೆ ಬಿಟ್ಟಿದ್ದರಿಂದ ನಳಿಗೆಯ ಹೊಟ್ಟೆ ಉಳಿಯಿತು. ಹೊರಗಿನದನ್ನು ಎಣ್ಣೆ ಹಚ್ಚಿ ನಯವಾದ ಉಕ್ಕಿನ ನಾರಿನಲ್ಲಿ ಒಂದು ಮಧ್ಯಾಹ್ನ ಉಜ್ಜಿದೆವು. ಬಣ್ಣ ಹೋದ ಜಾಗ ಇನ್ನೂ ದೊಡ್ಡದಾಯಿತು, ಅಷ್ಟೆ. ಇಂಗ್ಲಿಷ್ ಕೋವಿಯಾಗಿದ್ದರೆ ಗೌಡರು ಅತ್ತೇ ಬಿಡುತ್ತಿದ್ದರು.

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿಸಂಹಿತೆ ಬಂತು, ಮತ ಎಣಿಕೆ ಜೂನ್ 4ಕ್ಕೆ. ಹತ್ತಿರ ಹತ್ತಿರ ಮೂರು ತಿಂಗಳು. ಈ ಸಲ ರೆಕ್ಸಿನ್ ಚೀಲ ಮನೆಯಲ್ಲೇ ಉಳಿಯಿತು. ನಳಿಗೆಗೆ ಒಳಗೂ ಹೊರಗೂ ದಪ್ಪಗೆ ಎಣ್ಣೆ, ಅದರ ಮೇಲೆ ಹಳೇ ಪಂಚೆ, ಗಾಳಿ ಆಡಲಿ ಅಂತ ಸಡಿಲ ಗೋಣಿ. ಠಾಣೆಯಲ್ಲಿ ಬರೆದುಕೊಳ್ಳುವವರ ಮುಂದೆ ಗೌಡರು ಕೋವಿ ಮಡಚಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ರಶೀದಿಯಲ್ಲಿ ‘ನಳಿಗೆ ಒಳಗೆ ಹೊರಗೆ ತುಕ್ಕು ಇಲ್ಲ’ ಅಂತ ಬರೆಯಿರಿ ಸಾರ್ ಅಂದರಂತೆ. ಇಂಥದ್ದೆಲ್ಲ ಬರೆಯಲ್ಲ ಅಂದರಂತೆ ಅವರು. ಹಿಂದೆ ಸಾಲಿನಲ್ಲಿ ಹದಿನೈದು ಜನ ಕೋವಿ ಹಿಡಿದು ನಿಂತಿದ್ದರು. ಗೌಡರು ಪಕ್ಕಕ್ಕೆ ಸರಿಯಲಿಲ್ಲ. ಕೊನೆಗೆ ಬರೆದುಕೊಟ್ಟರು. ಹಿಂದಿನ ಹದಿನೈದು ಜನರೂ ತಮ್ಮದಕ್ಕೂ ಹಾಗೇ ಬರೆಸಿಕೊಂಡರಂತೆ.